ಸಾಸಿವೆಯಷ್ಟು ಸಂದು

ಮನೆಯಲ್ಲಿ ಅವಳನ್ನು ಎಲ್ಲರೂ ‘ತಿಂಗಳು’ ಎಂದು ಕರೆಯುತ್ತಿದ್ದರು. ಹೊರಗಿನವರು ಕೇಳಿದಾಗ, ಎಷ್ಟು ಚೆಂದದ ಹೆಸರು, ಹುಣ್ಣಿಮೆಯ ದಿನ ಹುಟ್ಟಿದಳೇನೋ ಅಂದುಕೊಳ್ಳುತ್ತಿದ್ದರು. ಆದರೆ ಆ ತಿಂಗಳಿಗೂ ಆಕಾಶಕ್ಕೂ ಏನೂ ಸಂಬಂಧವಿರಲಿಲ್ಲ. ಅದು ಗೋಡೆಯ ಮೇಲಿನ ಕ್ಯಾಲೆಂಡರಿನ ತಿಂಗಳು. ಹುಡುಗಿ ಏನು ಹಿಡಿದರೂ ಮೂವತ್ತನೆಯ ದಿನಕ್ಕೆ ಕೈಬಿಡುತ್ತಾಳೆ ಎಂದು ಅಜ್ಜಿ ಇಟ್ಟ ಹೆಸರು.

ಅಜ್ಜಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಂಗೀತ ಒಂದು ತಿಂಗಳು ನಡೆದಿತ್ತು. ಪಕ್ಕದಲ್ಲಿ ಕೂತವಳ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಅವಳಿಗೆ ತಕ್ಷಣ ತಿಳಿಯುತ್ತಿತ್ತು. ಅವಳ ಗಂಟಲು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಮಣ್ಣಿನ ಗೊಂಬೆ ಒಂದು ತಿಂಗಳು, ಕಸೂತಿ ಒಂದು ತಿಂಗಳು, ಸೈಕಲ್ ರಿಪೇರಿ ಇಪ್ಪತ್ತಾರು ದಿನ. ಎಲ್ಲದರ ಅವಶೇಷಗಳೂ ಅವಳ ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಅಪ್ಪ ಅದನ್ನು ಮ್ಯೂಸಿಯಂ ಎನ್ನುತ್ತಿದ್ದರು.

ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಅವರಿಗೆ ಲೋಕದಲ್ಲಿ ಯಾವುದನ್ನು ಕಂಡರೂ ಲಿಫ್ಟೇ ನೆನಪಾಗುತ್ತಿತ್ತು. “ಎಲ್ಲಾ ಮಹಡೀಲೂ ನಿಂತು ಬಾಗಿಲು ತೆಗೆಯೋ ಲಿಫ್ಟು ಕೆಟ್ಟಿದೆ ಅಂತ ಬರೀತೀವಿ ನಾವು, ಗೊತ್ತಾ?” ಎನ್ನುತ್ತಿದ್ದರು. ಬೈಗುಳವಲ್ಲ ಅದು. ಆದರೆ ರಾತ್ರಿ ಮಲಗಿದಾಗ ಅದೇ ಮಾತು ಅವಳ ಕಿವಿಯಲ್ಲಿ ಬಾಗಿಲು ತೆಗೆದು ಮುಚ್ಚಿ ಮಾಡುತ್ತಿತ್ತು. ತನ್ನಲ್ಲೇ ಏನೋ ಕೆಟ್ಟಿರಬಹುದೇ? ಗೆಳತಿಯರೆಲ್ಲ ಹುಟ್ಟುವಾಗಲೇ ಚೀಟಿ ಬರೆಸಿಕೊಂಡು ಬಂದವರ ಹಾಗೆ, ನಾನು ನರ್ಸು, ನಾನು ಟೀಚರು ಎನ್ನುತ್ತಿದ್ದರು. ಅವಳ ಚೀಟಿಯಲ್ಲಿ ಏನು ಬರೆದಿತ್ತೋ, ಅವಳಿಗೆ ಓದಲಾಗುತ್ತಿರಲಿಲ್ಲ.

ಈಗ ನಿಜವಾಗಿಯೂ ಒಂದು ಕಾಗದ ಬಂದಿತ್ತು. ಕಾಲೇಜಿನ ಅರ್ಜಿ. ಇಪ್ಪತ್ತೆರಡು ಕೋರ್ಸುಗಳ ಪಟ್ಟಿ, ಕೊನೆಯಲ್ಲಿ ಒಂದೇ ಒಂದು ಖಾಲಿ ಚೌಕ. ಬೇಕಾದ ಕೋರ್ಸಿನ ಸಂಖ್ಯೆಯನ್ನು ಅದರಲ್ಲಿ ಬರೆಯಬೇಕು. ತಿಂಗಳ ಕೊನೆಯ ಶುಕ್ರವಾರ ಸಂಜೆ ಐದಕ್ಕೆ ಕಾಲೇಜಿನಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚುತ್ತದೆ. ತಪ್ಪಿದರೆ ಒಂದು ವರ್ಷ ಹೋಯಿತು. ಆ ವರ್ಷವನ್ನು ತಮ್ಮ ಸ್ನೇಹಿತರ ಜೆರಾಕ್ಸ್ ಅಂಗಡಿಯಲ್ಲಿ ಕಳೆಯಬೇಕೆಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು.

ಪಟ್ಟಿ ಬಂದ ದಿನ ಅಪ್ಪ ಅದನ್ನು ಗಟ್ಟಿಯಾಗಿ ಓದಿದರು. ಹದಿನಾಲ್ಕಕ್ಕೆ ಬಂದಾಗ ಕನ್ನಡಕ ಏರಿಸಿದರು. “ವಾಕ್ ಮತ್ತು ಶ್ರವಣ. ವಾಕ್ ಮಾಡೋಕೂ ಕೋರ್ಸ್ ಬಂತಾ? ಹಾಗಾದ್ರೆ ದಿನಾ ಬೆಳಿಗ್ಗೆ ಪಾರ್ಕಲ್ಲಿ ಸುತ್ತೋರೆಲ್ಲ ಪದವೀಧರರೇ ಬಿಡು.”

ಮೂಲೆಯ ಕುರ್ಚಿಯಿಂದ ಅಜ್ಜಿ ಏನೋ ಅಂದಳು. ಊಟವಾದ ಮೇಲೆ ಅಜ್ಜಿ ಹಲ್ಲಿನ ಸೆಟ್ಟು ತೆಗೆದು ನೀರಿನ ಲೋಟಕ್ಕೆ ಹಾಕುತ್ತಿದ್ದಳು. ಆಮೇಲೆ ಅವಳ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಮೊಮ್ಮಗಳೊಬ್ಬಳನ್ನು ಬಿಟ್ಟು.

“ಏನಂತೆ?” ಅಪ್ಪ ಕೇಳಿದರು.

“ನಿನ್ನ ಮಗಳು ಪಾರ್ಕಲ್ಲೂ ಒಂದೇ ಸುತ್ತು ಹಾಕ್ತಾಳೆ ಅಂದ್ರು,” ಎಂದಳು ತಿಂಗಳು, ಒಂದಕ್ಷರ ಬಿಡದೆ.

ಆಗ ಅತ್ತೆ ಅವಳನ್ನು ಕರೆಸಿಕೊಂಡಳು. ಅತ್ತೆ ಅಪ್ಪನ ಅಕ್ಕ. ಅಜ್ಜಿಯ ಬಾಯಲ್ಲಿದ್ದ ಹಲ್ಲು ಅವಳೇ ಮಾಡಿದ್ದು. ಹಲ್ಲಿನ ಡಾಕ್ಟರು ಮೇಲಿನ ಮಹಡಿಯಲ್ಲಿ, ಅವರು ಬಾಯಿಂದ ತೆಗೆದ ಅಚ್ಚುಗಳಿಗೆ ಹಲ್ಲು ಕಟ್ಟುವ ಅತ್ತೆಯ ಕೋಣೆ ಅದೇ ಕಟ್ಟಡದ ಕೆಳಗೆ, ಹಿತ್ತಲಿನ ಕಡೆಗೆ. “ಮನೇಲಿ ಕೂತು ಪಟ್ಟಿ ನೋಡಿದ್ರೆ ಹೊಟ್ಟೆ ತುಂಬುತ್ತಾ? ಫಾರಂ ಕೊಡೋವರೆಗೂ ನನ್ನ ಹತ್ರ ಬಾ,” ಎಂದಳು. ಎಣಿಸಿ ನೋಡಿದರೆ ಅದೂ ಸರಿಯಾಗಿ ಒಂದು ತಿಂಗಳು. ಅಜ್ಜಿ ಎಣಿಸಿಯೇ ನೋಡಿದಳು.

ಮೊದಲ ದಿನ ಆ ಕೋಣೆಗೆ ಕಾಲಿಟ್ಟಾಗ ತಿಂಗಳಿಗೆ ಎಲ್ಲ ಕಡೆಯಿಂದ ಯಾರೋ ನಕ್ಕಂತಾಯಿತು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆಲ್ಲ ಬಿಳೀ ಪ್ಲಾಸ್ಟರಿನ ದವಡೆಗಳು, ಪ್ರತಿಯೊಂದರ ಅಡಿಯಲ್ಲೂ ಪೆನ್ಸಿಲಿನ ನಂಬರು. ಮೇಣದ ವಾಸನೆ. ಸ್ಪಿರಿಟ್ ದೀಪದ ನೀಲಿ ಉರಿ. ಕಿಟಕಿಯ ಬಳಿ ಪಾಲಿಶ್ ಮೋಟಾರು, ಅದರ ಬಟ್ಟೆಯ ಚಕ್ರ ತಿರುಗತೊಡಗಿದರೆ ಮಾತು ನಿಲ್ಲಿಸಬೇಕು. ಎಲ್ಲದರ ನಡುವೆ, ಕೂದಲಲ್ಲಿ ಪ್ಲಾಸ್ಟರಿನ ಪುಡಿ ಹೊತ್ತು, ಒಂದು ಕಣ್ಣಿಗೆ ಭೂತಗಾಜು ಕಟ್ಟಿಕೊಂಡು ಅತ್ತೆ.

ಅತ್ತೆ ಕೆಲಸ ಮಾಡುವುದನ್ನು ನೋಡುವುದೇ ಒಂದು ಓದಾಗಿತ್ತು. ಅಚ್ಚನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ತಿರುಗಿಸಿ, “ಇವ್ರು ಎಡಗಡೆಯಿಂದ ಅಗೀತಾರೆ,” ಎನ್ನುವಳು. “ಇವ್ರು ನಿದ್ದೇಲಿ ಹಲ್ಲು ಕಡೀತಾರೆ, ಪಾಪ, ಏನು ಯೋಚನೆಯೋ.” ಅಕ್ಕಿಕಾಳಿನಂಥ ಹಲ್ಲುಗಳನ್ನು ಒಂದೊಂದಾಗಿ ಬಿಸಿ ಮೇಣಕ್ಕೆ ಊರುವಳು, ಕಬ್ಬಿಣದ ಕೀಲಿರುವ ದವಡೆಯನ್ನು ಕಟಕಟ ಆಡಿಸುವಳು, ಕಿತ್ತು ಮತ್ತೆ ಊರುವಳು. ಇಪ್ಪತ್ತೆಂಟು ಹಲ್ಲು, ಒಂದು ಸೆಟ್ಟು ಒಪ್ಪವಾಗಲು ಒಂದೊಂದು ಸಲ ಇಡೀ ದಿನ. ಚಿಕ್ಕವಳಿದ್ದಾಗ ಹಗಲು ಸೋಪಿನ ಕಾರ್ಖಾನೆಯಲ್ಲಿ ಡಬ್ಬ ತುಂಬಿ ಸಂಜೆ ತರಗತಿಗೆ ಹೋಗಿ ಕಲಿತದ್ದು ಇದು. ತರಗತಿಯಲ್ಲಿ ಅವಳೊಬ್ಬಳೇ ಹೆಂಗಸು.

“ಎರಡು ಸಲ ಫೇಲಾದೆ,” ಎಂದಳು ಅತ್ತೆ, ಬಹುಮಾನ ಬಂದ ಹಾಗೆ. “ಥಿಯರೀಲಿ. ಪ್ರಾಕ್ಟಿಕಲ್ಲಲ್ಲಿ ಮೇಷ್ಟ್ರು ನಾನು ಮಾಡಿದ್ದನ್ನ ತಾವೇ ಮಾಡಿದ್ದು ಅಂತ ತೋರಿಸ್ತಿದ್ರು.”

ಮೂರು ವಾರದಲ್ಲಿ ತಿಂಗಳು ಪ್ಲಾಸ್ಟರ್ ಕಲಸಲು ಕಲಿತಳು. ಮಣ್ಣಿನ ಗೊಂಬೆ ಮಾಡಿದ ಬೆರಳುಗಳಿಗೆ ಮೇಣವೂ ಒಗ್ಗಿತು. ಒಸಡಿನ ಏರಿಳಿತವನ್ನು ಸಣ್ಣ ಚಾಕುವಿನಲ್ಲಿ ನಯಗೊಳಿಸುವ ಕೆಲಸವನ್ನು ಅತ್ತೆ ಅವಳಿಗೇ ಬಿಟ್ಟಳು. ಒಂದು ಸಂಜೆ ಮೇಜಿನ ಈ ಕಡೆ ಹೊಸ ಸ್ಟೂಲು ಬಂದಿತ್ತು.  ಆ ಸ್ಟೂಲಿನ ಮೇಲೆ ಕೂತಾಗೆಲ್ಲ ತಿಂಗಳಿಗೆ ಹೆಮ್ಮೆಯಾಗುತ್ತಿತ್ತು, ಜೊತೆಗೆ ಭಯವೂ. ಪಟ್ಟಿಯಲ್ಲಿ ಒಂಬತ್ತನೆಯದು ‘ದಂತ ತಂತ್ರಜ್ಞಾನ.’ ಅದನ್ನು ಬರೆದುಬಿಟ್ಟರೆ ಎಲ್ಲರಿಗೂ ಸಂತೋಷ. ಆದರೆ ಮೂವತ್ತೊಂದನೆಯ ದಿನ ಏನಾಗುತ್ತದೆ? ಅತ್ತೆಯ ಸ್ಟೂಲೂ ಮ್ಯೂಸಿಯಮ್ಮಿಗೆ ಸೇರಿದರೆ?

ಕೊನೆಯ ವಾರದ ಸೋಮವಾರ ಹರಾಜು ಯಜಮಾನರು ಬಂದರು. ಹಳೇ ಸಾಮಾನಿನ ಕಟ್ಟೆಯಲ್ಲಿ ಪ್ರತಿ ಶನಿವಾರ ಬೀರು, ಗಡಿಯಾರ, ಹೊಲಿಗೆ ಯಂತ್ರಗಳನ್ನು ಹರಾಜು ಕೂಗುವವರು. ನಲವತ್ತು ವರ್ಷದಿಂದ ಅವರದೇ ದನಿ. ಉಳಿದಿದ್ದ ಹಲ್ಲುಗಳನ್ನೂ ಡಾಕ್ಟರು ಕಿತ್ತು ಮೂರು ತಿಂಗಳಾಗಿತ್ತು. ಅಂದಿನಿಂದ ಅವರು ಬಾಯಿಗೆ ಅಂಗೈ ಅಡ್ಡ ಹಿಡಿಯದೆ ಮಾತಾಡಿರಲಿಲ್ಲ. ಮೇಲೆ ಡಾಕ್ಟರು ಮೇಣದ ಸೆಟ್ಟನ್ನು ಬಾಯಿಗಿಟ್ಟು ನೋಡಿ ಒಪ್ಪಿದ್ದರು. ಯಜಮಾನರು ಅದನ್ನು ತಾವೇ ಕೆಳಗೆ ತಂದಿದ್ದರು, ಮೊಟ್ಟೆ ಹಿಡಿದ ಹಾಗೆ.

“ಶನಿವಾರಕ್ಕೆ ಥಿಕ್ಕುತ್ತಾ ಅಮ್ಮ?” ಎಂದು ಅಂಗೈಯ ಹಿಂದಿನಿಂದ ಕೇಳಿದರು. “ಕಟ್ಟೆ ಮಾಲೀಕರು ಈ ಒಂದು ಥಲ ನೋಡ್ತೀನಿ ಅಂದಿದ್ದಾರೆ. ಅವ್ರ ತಂಗಿ ಮಗ ಆಗ್ಲೇ ಮೈಕ್ ತಂದು ಇಟ್ಟಿದ್ದಾನೆ. ಮೈಕಿಗೆ ಹಲ್ಲು ಬೇಕಿಲ್ಲ ನೋಡಿ.”

“ಗುರುವಾರ ಬನ್ನಿ ಯಜಮಾನ್ರೇ,” ಎಂದಳು ಅತ್ತೆ. “ಶನಿವಾರ ನೀವು ಕೂಗಿದ್ರೆ ಮೈಕೇ ಹರಾಜಾಗ್ಬೇಕು.”

ಮಂಗಳವಾರ ಅತ್ತೆ ಊರಿನ ಆ ತುದಿಯ ಆಸ್ಪತ್ರೆಗೆ ಸೆಟ್ಟುಗಳನ್ನು ಮುಟ್ಟಿಸಲು ಹೋದಳು. ಯಜಮಾನರ ಮೇಣವನ್ನು ನಯಗೊಳಿಸಿ, ಡಬ್ಬಿಯಲ್ಲಿಟ್ಟು ಪ್ಲಾಸ್ಟರ್ ಹೊಯ್ಯುವ ಕೆಲಸ ತಿಂಗಳಿಗೆ ಬಂತು. ಮೊದಲ ಬಾರಿಗೆ ಕೋಣೆಯಲ್ಲಿ ಅವಳೊಬ್ಬಳೇ. ಭೂತಗಾಜು ಕಟ್ಟಿಕೊಂಡು ಬಗ್ಗಿ ನೋಡಿದಳು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದು. ಸಾಸಿವೆಯಷ್ಟೇ. ಬಾಯಿಯ ಬಿಸಿಗೆ ಮೇಣ ಮೆತ್ತಗಾಗಿ ಹಲ್ಲು ಸರಿದಿರಬೇಕು ಅಂದುಕೊಂಡಳು. ಅತ್ತೆ ನೋಡಿದರೆ ಬೇಸರ ಮಾಡಿಕೊಳ್ಳುತ್ತಾಳೆ. ಪಾಪ, ಇಡೀ ದಿನ ಕೂತು ಊರಿದ್ದು. ಚಾಕುವನ್ನು ದೀಪಕ್ಕೆ ಹಿಡಿದಳು, ಮೇಣ ಸಡಿಲಿಸಿದಳು, ಉಸಿರು ಬಿಗಿಹಿಡಿದು ಎರಡು ಹಲ್ಲನ್ನೂ ಸೇರಿಸಿದಳು. ಈಗ ಸಾಲು ನೋಡಿದರೆ ಜಾಹೀರಾತಿನ ಹಾಗಿತ್ತು. ಪ್ಲಾಸ್ಟರ್ ಹೊಯ್ದು ಡಬ್ಬಿ ಮುಚ್ಚಿದಳು. ಅತ್ತೆಗೆ ಹೇಳಲಿಲ್ಲ. ಉಪಕಾರ ಮಾಡಿ ಹೇಳಿಕೊಳ್ಳಬಾರದು ಎಂದು ಅಜ್ಜಿ ಕಲಿಸಿದ್ದಳಲ್ಲ.

ಬುಧವಾರ ಬೆಳಿಗ್ಗೆ ಅತ್ತೆ ಮೇಣ ಕರಗಿಸಿ ತೆಗೆದು, ಅದರ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಬಿಸಿನೀರಲ್ಲಿ ಬೇಯಿಸಿದಳು. ಮಧ್ಯಾಹ್ನ ಡಬ್ಬಿ ತೆರೆದು, ಸಣ್ಣ ಸುತ್ತಿಗೆಯಿಂದ ಪ್ಲಾಸ್ಟರ್ ಒಡೆದು, ಸೆಟ್ಟನ್ನು ನಲ್ಲಿಯ ಕೆಳಗೆ ಹಿಡಿದಳು. ಆಮೇಲೆ ನಲ್ಲಿ ನಿಲ್ಲಿಸಿದಳು. 

“ಸಂದು ಎಲ್ಲಿ ಹೋಯ್ತು?”

“ಸರಿದುಹೋಗಿತ್ತು ಅತ್ತೆ. ನಾನು ಸೇರಿಸ್ದೆ.”

ಅತ್ತೆ ಹಲಗೆಯ ಮೂಲೆಯಲ್ಲಿ ಚುಚ್ಚಿದ್ದ ಒಂದು ಹಳೇ ಫೋಟೋ ತೆಗೆದು ಅವಳ ಮುಂದಿಟ್ಟಳು. ಮೂವತ್ತು ವರ್ಷದ ಹಿಂದಿನ ಯಜಮಾನರು, ಒಂದು ಬೀರುವಿನ ಮೇಲೆ ನಿಂತು, ಕೈ ಮೇಲೆತ್ತಿ, ಬಾಯಿ ತುಂಬ ನಗುತ್ತಿದ್ದರು. ಮುಂದಿನ ಎರಡು ಹಲ್ಲಿನ ನಡುವೆ ಸಾಸಿವೆಯಷ್ಟು ಸಂದು.

ತಿಂಗಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಫೋಟೋ ಮೂರು ವಾರದಿಂದ ಅವಳ ಕಣ್ಣೆದುರೇ ಇತ್ತು.

“ನೀನು ಸೇರಿಸಿದ್ದು ಚೆನ್ನಾಗೇ ಇದೆ,” ಎಂದಳು ಅತ್ತೆ. “ಅದೇ ತೊಂದರೆ. ಚೆನ್ನಾಗಿರೋ ಹಲ್ಲು ಯಾರು ಬೇಕಾದ್ರೂ ಮಾಡ್ತಾರೆ. ಅಂಗಡೀಲಿ ಸಾಲಾಗಿ ಸಿಗುತ್ತೆ. ಅವರವರ ಹಲ್ಲು ಮಾಡ್ಬೇಕಲ್ಲ, ಅದು ನಮ್ಮ ಕೆಲಸ. ಹಲ್ಲು ಕಟ್ಟಿಸಿಕೊಂಡಿದ್ದಾರೆ ಅಂತ ಯಾರಾದ್ರೂ ಅಂದ್ರೆ ನಾನು ಫೇಲು. ಇವರಿಗೆ ವಯಸ್ಸಾಯ್ತು, ಆದ್ರೂ ಹಲ್ಲು ಹಾಗೇ ಇದೆ ಅಂದ್ರೆ ಪಾಸು.” ಸೆಟ್ಟನ್ನು ಬೆಳಕಿಗೆ ತಿರುಗಿಸಿದಳು. “ಇಪ್ಪತ್ತಾರು ಹಲ್ಲು ನೆಟ್ಟಗೆ ಕೂರಿಸೋಕೆ ಅರ್ಧ ದಿನ ಸಾಕು. ಈ ಸಂದಿಗೆ ಅರ್ಧ ದಿನ ಹಿಡೀತು.”

“ಬೈಯಿ ಅತ್ತೆ.”

“ಬೈದ್ರೆ ಸಂದು ಬರುತ್ತಾ? ಆ ಸಣ್ಣ ಗರಗಸ ಕೊಡು.”

ಸಂಜೆಯವರೆಗೂ ಅತ್ತೆ ಬೆನ್ನು ನೆಟ್ಟಗೆ ಮಾಡಲಿಲ್ಲ. ಎರಡು ಹಲ್ಲನ್ನು ಕೊರೆದು ತೆಗೆದಳು, ಫೋಟೋ ನೋಡಿದಳು, ಮತ್ತೆ ಕೂರಿಸಿದಳು, ಫೋಟೋ ನೋಡಿದಳು. ಮೋಟಾರು ಕಿರಿಚಿತು. ತಿಂಗಳು ಕಿವಿ ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದಳು, ಕಣ್ಣು ಮಾತ್ರ ಮುಚ್ಚಲಿಲ್ಲ. ಒಬ್ಬ ಮನುಷ್ಯನ ಕೊರತೆಯನ್ನು ಇಷ್ಟು ಮರ್ಯಾದೆಯಿಂದ ಯಾರಾದರೂ ಮಾಡಿಕೊಡುವುದನ್ನು ಅವಳು ಕಂಡಿರಲಿಲ್ಲ. ಇಂಥವಳ ಸ್ಟೂಲಿನ ಪಕ್ಕ ಕೂರಲು ತನಗೇನು ಯೋಗ್ಯತೆ ಎಂದೂ ಅನ್ನಿಸಿತು.

ಗುರುವಾರ ಯಜಮಾನರು ಹೊಸ ಹಲ್ಲು ಹಾಕಿಸಿಕೊಂಡು ಮೇಲಿನಿಂದ ಇಳಿದು ಬಂದರು. ಅಂಗೈ ಇನ್ನೂ ಬಾಯಿಯ ಮುಂದೆಯೇ ಇತ್ತು.

“ಕೈ ಇಳಿಸಿ ಯಜಮಾನ್ರೇ. ಸಾಸಿವೆ ಅನ್ನಿ,” ಎಂದಳು ಅತ್ತೆ. ಹಲ್ಲು ಹಾಕಿಸಿಕೊಂಡವರಿಗೆಲ್ಲ ಅವಳು ಹೇಳಿಸುತ್ತಿದ್ದ ಮೊದಲ ಮಾತು ಅದು. ಹಲ್ಲು ತಪ್ಪಿದ್ದರೆ ಸಕಾರವೇ ಮೊದಲು ಚಾಡಿ ಹೇಳುತ್ತದೆ.

“ಸಾಸಿವೆ,” ಎಂದರು ಯಜಮಾನರು.

ಅತ್ತೆ ಅವರ ತುಟಿಗಳನ್ನೇ ನೋಡುತ್ತಿದ್ದಳು. “ಈಗ ನಿಮ್ಮ ಕೂಗು.”

“ಒಂದು ಶಲ... ಎರಡು ಶಲ...”

“ಚೆನ್ನಾಗಿದೆ,” ಎಂದಳು ಅತ್ತೆ.

 ಯಜಮಾನರ ಕೈ ಮೆಲ್ಲಗೆ ಮತ್ತೆ ಬಾಯಿಗೆ ಹೋಯಿತು. ಅವರಿಗೆ ಗೊತ್ತಾಗಿತ್ತು. ತಿಂಗಳಿಗೂ ಗೊತ್ತಾಗಿತ್ತು. ಅತ್ತೆಗೆ ಗೊತ್ತಾಗಿರಲಿಲ್ಲ, ಅದೇ ಅವಳಿಗೆ ಆಶ್ಚರ್ಯ. ಹೇಳಲೇ, ಬೇಡವೇ? ನಿನ್ನೆಯಷ್ಟೇ ಕೆಲಸ ಕೆಡಿಸಿದವಳು ಇವತ್ತು ಗುರುವಿಗೇ ತಿರುಮಂತ್ರ ಹಾಕುವುದೇ?

“ಅತ್ತೆ,” ಎಂದಳು ಕೊನೆಗೆ. “ಸಲ ಅಂತ ಬರ್ಲಿಲ್ಲ. ಶಲ ಅಂತ ಬಂತು.”

“ಹೌದಮ್ಮ,” ಎಂದರು ಯಜಮಾನರು ತಲೆ ತಗ್ಗಿಸಿ. “ಕಟ್ಟೇಲಿ ನಗಾಡ್ತಾರೆ.”

ಅತ್ತೆ ಭೂತಗಾಜು ಬಿಚ್ಚಿ ಮೇಜಿನ ಮೇಲಿಟ್ಟಳು. ಮೋಟಾರಿನ ಕಡೆ ನೋಡಿದಳು. “ಅದು ಮೂವತ್ತು ವರ್ಷದಲ್ಲಿ ನನ್ನ ಕಿವೀಲಿದ್ದ ಸಕಾರಾನೆಲ್ಲ ತಿಂದುಬಿಟ್ಟಿದೆ ಕಣೇ,” ಎಂದಳು. “ಸ, ಶ, ಎಲ್ಲಾ ನನಗೆ ಒಂದೇ. ತುಟಿ ನೋಡಿ ಊಹೆ ಮಾಡ್ತೀನಿ. ಯಾರಿಗೂ ಹೇಳಿಲ್ಲ.” ಆಮೇಲೆ ಸೆಟ್ಟನ್ನು ತೆಗೆಸಿ, ಬೆಳಕಿಗೆ ಹಿಡಿದು, ಕೀಲಿಗೆ ಹಾಕಿ ಕಚ್ಚಿಸಿ, ಅರ್ಧ ಗಂಟೆ ಪರೀಕ್ಷಿಸಿದಳು. “ಹಲ್ಲು ಸರಿಯಾಗಿದೆ. ಇನ್ನು ನನ್ನ ಕೈಲಿ ಏನಿಲ್ಲ. ನನ್ನ ಕೆಲಸ ಹಲ್ಲಿಗೆ ಮುಗೀತು.”

 ತಿಂಗಳ ತಲೆಯಲ್ಲಿ ಮಾತ್ರ ಆ ಎರಡು ಪದ ತಿರುಗುತ್ತಲೇ ಇದ್ದವು. ಸಾಸಿವೆ ಸರಿ. ಸಲ ತಪ್ಪು. ಅದೇ ಬಾಯಿ, ಅದೇ ಹಲ್ಲು, ಅದೇ ಅಕ್ಷರ. ಹಾಗಾದರೆ?

“ಯಜಮಾನ್ರೇ, ಬರೀ ಸಲ ಅನ್ನಿ.”

“ಸಲ.”

ಸರಿಯಾಗಿಯೇ ಬಂತು. ಯಜಮಾನರೇ ಬೆಚ್ಚಿದರು.

“ಈಗ ಮೂರು ಸಲ.”

“ಮೂರು ಶಲ.”

ಅವಳು ಸ್ಟೂಲು ಎಳೆದುಕೊಂಡು ಅವರ ಮುಂದೆ ಕೂತಳು. ಒಂದು, ಎರಡು, ಮೂರು. ಎಲ್ಲದರ ಕೊನೆಗೂ ಉಕಾರ. ಉ ಅನ್ನುವಾಗ ತುಟಿ ಗುಂಡಗಾಗಿ ಮುಂದೆ ಬರುತ್ತದೆ. ತಾನೇ ತುಟಿ ಗುಂಡಗೆ ಹಿಡಿದು ‘ಸ’ ಅಂದು ನೋಡಿದಳು. ‘ಶ’ದ ಹಾಗೆ ಕೇಳಿಸಿತು. ಇನ್ನೊಮ್ಮೆ. ಮೈ ಜುಮ್ಮೆಂದಿತು.

“ಯಜಮಾನ್ರೇ, ಹುಚ್ಚಿ ಅಂದ್ಕೋಬೇಡಿ. ಮೂರು ಬೇಡ, ಮೂರಿ ಅನ್ನಿ. ಮೂರಿ ಸಲ.”

“ಮೂರಿ ಸಲ.” ಸಕಾರ ಗಾಜಿನ ಚೂರಿನ ಹಾಗೆ ಹೊಳೆಯಿತು. “ಎಲಾ,” ಎಂದರು ಅವರು. “ಆದ್ರೆ ಮಗಳೇ, ಮೂರಿ ಅಂದ್ರೆ ಬೀರು ಯಾರು ತಗೋತಾರೆ?”

ಅತ್ತೆ ನಕ್ಕುಬಿಟ್ಟಳು. ತಿಂಗಳು ನಗಲಿಲ್ಲ, ಅವಳು ಎಲ್ಲೋ ಇದ್ದಳು. ಮೂರು ತಿಂಗಳು ಬೋಳು ಒಸಡು ಮುಚ್ಚಿಕೊಳ್ಳಲು ಯಜಮಾನರು ತುಟಿಯನ್ನು ಮುಂದಕ್ಕೆ ಚಾಚಿ, ಬಿಗಿದು, ಅಂಗೈ ಅಡ್ಡ ಹಿಡಿದು ಮಾತಾಡಿದ್ದಾರೆ. ಹಲ್ಲು ಬಂದದ್ದು ತುಟಿಗೆ ಇನ್ನೂ ಗೊತ್ತಾಗಿಲ್ಲ. ಉಕಾರಕ್ಕೆ ಗುಂಡಗಾದದ್ದು ಅಲ್ಲೇ ನಿಂತುಬಿಡುತ್ತದೆ.

“ಮೂರು ಅಂದ ತಕ್ಷಣ ಒಂಚೂರು ನಗಿ,” ಎಂದಳು. “ಆಮೇಲೆ ಸಲ ಅನ್ನಿ.”

“ನಗೋದಾ?”

“ಫೋಟೋದಲ್ಲಿ ನಗ್ತಿದ್ದೀರಲ್ಲ, ಹಾಗೆ.”

ಯಜಮಾನರು ಫೋಟೋ ನೋಡಿದರು. ಪ್ರಯತ್ನಪಟ್ಟರು. ತುಟಿ ನಡುಗಿತು, ಒಪ್ಪಲಿಲ್ಲ. “ಅಭ್ಯಾಸ ತಪ್ಪೋಗಿದೆ,” ಎಂದರು, ತಮ್ಮಷ್ಟಕ್ಕೆ.

ಆ ದಿನವೆಲ್ಲ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಮೂರಿ ಸಲ, ಮೂರು ಸಲ, ಮೂರಿ ಸಲ. ತಿಂಗಳು ಅವರ ಮುಂದೆ ಕೈಗನ್ನಡಿ ಹಿಡಿದಳು. ಸರಿಯಾಗಿ ಬಂದದ್ದಕ್ಕೆ ಪ್ಲಾಸ್ಟರಿನ ಚೂರಿಂದ ಮೆಟ್ಟಿಲ ಮೇಲೆ ಒಂದು ಗೀಟು, ತಪ್ಪಿದ್ದಕ್ಕೆ ಸೊನ್ನೆ. ಹತ್ತಕ್ಕೆ ಎರಡು ಗೀಟು, ಹತ್ತಕ್ಕೆ ಮೂರು. ನಿಧಾನಕ್ಕೆ ಹೇಳಿದರೆ ಬರುತ್ತಿತ್ತು, ಕೂಗಿದರೆ ಹೋಗುತ್ತಿತ್ತು. ಯಜಮಾನರು ಒಂದು ಸಲವೂ ಸಾಕು ಅನ್ನಲಿಲ್ಲ. ಅರವತ್ತೆಂಟು ವರ್ಷದವರು ಮೂರನೆಯ ತರಗತಿಯ ಹುಡುಗನ ಹಾಗೆ ಕನ್ನಡಿಗೆ ಮುಖ ಕೊಟ್ಟು, ತಪ್ಪಿ, “ಇನ್ನೊಂದ್ಸಲ,” ಎನ್ನುತ್ತಿದ್ದರು. ನಲವತ್ತು ವರ್ಷದಲ್ಲಿ ಲಕ್ಷ ಸಲ ಹೇಳಿರಬಹುದಾದ ಮಾತು. ಅದನ್ನೇ ಮೊದಲಿಂದ ಕಲಿಯಲು ಅವರಿಗೆ ನಾಚಿಕೆಯಿರಲಿಲ್ಲ. ಒಂದು ತಿಂಗಳಿಗೇ ಬಿಟ್ಟುಬಿಡುವ ತನಗೆ?

ಕತ್ತಲಾಗುತ್ತಾ ಬಂದಾಗ ಅತ್ತೆ ಬಾಗಿಲಲ್ಲಿ ನಿಂತು, “ಊಟ ಮಾಡಿಲ್ಲ ನೀನು,” ಎಂದಳು. ಆಗಲೇ ತಿಂಗಳಿಗೆ ಹಸಿವಾದದ್ದು.

ಮನೆಗೆ ಹೋಗಿ ಪಟ್ಟಿಯನ್ನು ಮತ್ತೆ ತೆಗೆದಳು. ಹದಿನಾಲ್ಕನೆಯ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ವಿವರ ಇತ್ತು, ಇಷ್ಟು ದಿನ ಯಾರೂ ಓದಿರಲಿಲ್ಲ. ಮಾತು ತೊದಲುವವರಿಗೆ, ಮಾತು ಕಳೆದುಕೊಂಡವರಿಗೆ, ಕಿವಿ ಮಂದವಾದವರಿಗೆ ನೆರವಾಗುವ ಶಿಕ್ಷಣ. ಎರಡು ಸಲ ಓದಿದಳು. ಮೂಲೆಯಲ್ಲಿ ಹಲ್ಲಿಲ್ಲದ ಅಜ್ಜಿ ಏನೋ ಅಂದಳು, ಅಪ್ಪ ಎಂದಿನಂತೆ “ಏನಂತೆ?” ಎಂದರು, ಅವಳು ಎಂದಿನಂತೆ ಹೇಳಿದಳು. ಹೇಳಿದ ಮೇಲೆ ಸುಮ್ಮನೆ ಅಜ್ಜಿಯನ್ನೇ ನೋಡುತ್ತಾ ನಿಂತಳು. ಈ ಕೆಲಸವನ್ನು ತಾನು ಎಷ್ಟು ವರ್ಷದಿಂದ ಮಾಡುತ್ತಿದ್ದೇನೆ? ಯಾರೂ ಇದಕ್ಕೆ ತಿಂಗಳು ಎಣಿಸಿರಲಿಲ್ಲ, ಅಜ್ಜಿಯೂ.

ಆದರೂ ಆ ಸಂಖ್ಯೆ ಬರೆಯಲು ಕೈ ಏಳಲಿಲ್ಲ. ಸ್ಟೂಲು ಕಣ್ಣಮುಂದೆ ಬಂತು.

ಶುಕ್ರವಾರ ಯಜಮಾನರು ಬೆಳಿಗ್ಗೆಯೇ ಬಂದರು. ಮಧ್ಯಾಹ್ನಕ್ಕೆ ಹತ್ತಕ್ಕೆ ಏಳು ಗೀಟು. ನಾಲ್ಕು ಗಂಟೆಗೆ ಒಂಬತ್ತು. ನಾಲ್ಕೂಕಾಲಿಗೆ ಅಪ್ಪ ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡೇ ಬಂದುಬಿಟ್ಟರು.

“ಫಾರಂ ಎಲ್ಲಿ? ಬರೆದ್ಯಾ? ಐದಕ್ಕೆ ಕಿಟಕಿ ಮುಚ್ಚುತ್ತೆ, ಅದೇನು ನಿನ್ನ ಅತ್ತೆ ಡಬ್ಬಿ ಅಲ್ಲ, ಒಡೆದು ತೆಗೆಯೋಕೆ.”

ಅರ್ಜಿ ಮೇಜಿನ ಮೇಲಿತ್ತು, ಪ್ಲಾಸ್ಟರ್ ಪುಡಿ ಬಿದ್ದು. ಚೌಕ ಇನ್ನೂ ಖಾಲಿ. ಅಪ್ಪ ಅದನ್ನು ನೋಡಿ ಹಣೆ ಒತ್ತಿಕೊಂಡರು. ಅತ್ತೆ ಮೇಣದ ಚಾಕು ಒರೆಸುತ್ತಿದ್ದಳು, ಆಗಲೇ ಒರೆಸಿದ್ದನ್ನೇ.

ಯಜಮಾನರು ಎಲ್ಲರನ್ನೂ ನೋಡಿದರು. ಅರ್ಜಿಯನ್ನು ತೆಗೆದುಕೊಂಡು ಪುಡಿ ಊದಿದರು. ಆಮೇಲೆ ಬಾಗಿಲ ಮೆಟ್ಟಿಲು ಹತ್ತಿ ನಿಂತು ಅರ್ಜಿಯನ್ನು ಮೇಲೆತ್ತಿ ಹಿಡಿದರು. ಅಂಗೈ ಬಾಯಿಯ ಹತ್ತಿರ ಸುಳಿಯಲಿಲ್ಲ.

“ಬನ್ನಿ, ಬನ್ನಿ. ಒಂದು ಖಾಲಿ ಚೌಕ. ಒಳ್ಳೇ ಮಾಲು, ಒಬ್ರೂ ಮುಟ್ಟಿಲ್ಲ. ಯಾರು ಕೂಗ್ತೀರಿ?”

“ಒಂಬತ್ತು,” ಎಂದಳು ಅತ್ತೆ. ತಮಾಷೆಗೆ ಅಂದಂತೆಯೇ ಅಂದಳು. ಆದರೆ ಚಾಕು ಒರೆಸುವುದನ್ನು ನಿಲ್ಲಿಸಿದ್ದಳು.

“ಒಂಬತ್ತು, ಹಲ್ಲಿನಮ್ಮ ಕೂಗಿದ್ದಾರೆ. ಕಡಲೆ ಇದ್ದೋರಿಗೆಲ್ಲ ಹಲ್ಲು ಕೊಟ್ಟ ಕೈ. ಇದಕ್ಕಿಂತ ಒಳ್ಳೇ ಸವಾಲು ಬರಲ್ಲ. ಒಂದು ಸಲ.”

ನಿಜ, ಇದಕ್ಕಿಂತ ಒಳ್ಳೆಯದು ಬರಲಾರದು. ತಿಂಗಳು ಅತ್ತೆಯನ್ನು ನೋಡಿದಳು. ಕೂದಲ ಪುಡಿ, ಬಾಗಿದ ಬೆನ್ನು, ಫೋಟೋ ನೋಡಿ ನೋಡಿ ಕೆಂಪಾದ ಕಣ್ಣು. ಇಂಥವರು ಇನ್ನೊಬ್ಬರಿಲ್ಲ. ಆದರೆ ಸಂದು ಸರಿಮಾಡಿದ ಸಂಜೆ ಅವಳು ಅತ್ತೆಯ ಕೈ ನೋಡುತ್ತಿದ್ದಳು. ನಿನ್ನೆ ಮೆಟ್ಟಿಲ ಮೇಲೆ ಅವಳು ಯಾರನ್ನೂ ನೋಡುತ್ತಿರಲಿಲ್ಲ, ಕೇಳುತ್ತಿದ್ದಳು, ಊಟ ಮರೆತು. ಅತ್ತೆಯನ್ನು ಮೆಚ್ಚುವುದು ಬೇರೆ, ಅತ್ತೆಯಾಗುವುದು ಬೇರೆ.

“ಎರಡು ಸಲ.”

“ಹೇಳೇ,” ಎಂದರು ಅಪ್ಪ ಮೆಲ್ಲಗೆ. ಈ ಬಾರಿ ಲಿಫ್ಟಿನ ಮಾತು ಬರಲಿಲ್ಲ.

“ಮೂರು...”

ಯಜಮಾನರು ಅಲ್ಲೇ ನಿಂತರು. ಗುಂಡಗಾಗಿದ್ದ ತುಟಿ ಮೆಲ್ಲಗೆ ಬಿಚ್ಚಿಕೊಂಡಿತು, ಎರಡೂ ಕಡೆಗೆ ಹರಡಿತು. ಫೋಟೋದ ನಗೆ. ನಡುವೆ ಸಾಸಿವೆಯಷ್ಟು ಸಂದು. ನಲವತ್ತು ವರ್ಷ ಕೂಗಿದವರಿಗೆ ಎಷ್ಟು ಹೊತ್ತು ಕಾಯಬೇಕೆಂದು ಗೊತ್ತಿತ್ತು.

“ಹದಿನಾಲ್ಕು,” ಎಂದಳು ತಿಂಗಳು.

“ಸಲ,” ಎಂದರು ಯಜಮಾನರು, ಮತ್ತು ಅರ್ಜಿಯನ್ನು ಅವಳ ಕೈಗೆ ಇಳಿಸಿದರು.

 ತಿಂಗಳಿಗೆ ಅತ್ತೆಯ ಕಡೆ ತಿರುಗಲು ಧೈರ್ಯವಾಗಲಿಲ್ಲ. ಮೇಜಿನ ಮೇಲೆ ಬಗ್ಗಿ, ಚೌಕದೊಳಗೆ ಒಂದು ಮತ್ತು ನಾಲ್ಕನ್ನು ಬರೆದಳು. ಪಕ್ಕದಲ್ಲಿ ಅತ್ತೆಯ ಕೈ ಬಂತು, ಅಂಕಿಗಳ ಮೇಲೆ ಬಿದ್ದಿದ್ದ ಪುಡಿಯನ್ನು ಕಿರುಬೆರಳಿಂದ ಸರಿಸಿತು.

“ಸ್ಟೂಲು ಇಲ್ಲೇ ಇರುತ್ತೆ,” ಎಂದಳು ಅತ್ತೆ. “ನನ್ನ ಹಲ್ಲು ಹಾಕಿಸಿಕೊಂಡೋರನ್ನೆಲ್ಲ ನಿನ್ನ ಹತ್ರ ಕಳಿಸ್ತೀನಿ. ಮೊದಲು ನನ್ನ ಕಿವಿ ನೋಡು.” ಆಮೇಲೆ ದನಿ ತಗ್ಗಿಸಿ, ಯಜಮಾನರಿಗೆ ಕೇಳದ ಹಾಗೆ, ಅವಳ ಹತ್ತಿರ ಬಗ್ಗಿದಳು. “ನನಗೆ ತಿಳಿಯಲ್ಲ, ನೀನೇ ಹೇಳು. ಈಗ ಕೂಗಿದ್ರಲ್ಲ, ಮೂರನೇದು. ಸರಿಯಾಗಿ ಬಂತಾ?”

“ಬಂತು ಅತ್ತೆ,” ಎಂದಳು ತಿಂಗಳು. “ತುಂಬಾ ಚೆನ್ನಾಗಿ ಬಂತು.”

“ಹಾಗಾದ್ರೆ ಓಡು. ಇಪ್ಪತ್ತು ನಿಮಿಷ ಇದೆ.”

“ವಾಕ್ ಮಾಡೋ ಕೋರ್ಸಿಗೆ ಓಡ್ಕೊಂಡು ಹೋಗ್ತಿದ್ದಾಳೆ ನೋಡಿ,” ಎಂದು ಅಪ್ಪ ಹಿಂದಿನಿಂದ ಹೇಳುತ್ತಿದ್ದದ್ದು, ಬೀದಿಯ ತಿರುವಿನವರೆಗೂ ಅವಳಿಗೆ ಕೇಳಿಸುತ್ತಿತ್ತು. ಅಪ್ಪನ ದನಿ ನಡುವೆ ಎಲ್ಲಿ ಕಟ್ಟಿತು ಎಂಬುದೂ ಕೇಳಿಸಿತು.